ಒಬ್ಬನೇ ಗಾಯಕ, ಬೇರೆ ಬೇರೆ ಹಿಮ್ಮೇಳ: ಜೇಮ್ಸ್ ಬ್ರೌನ್ ಅವರ ಲೈವ್ ಆಲ್ಬಮ್‌ಗಳು

ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅವರ ಲೈವ್ ಆಲ್ಬಮ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಮಾತು ಬಂದಾಗಲೆಲ್ಲ ಶಿರಸಿಯ ನಮ್ಮ ಕೇಳುಗರ ಬಳಗದಲ್ಲಿ ಚರ್ಚೆ ಅವರ ಕಂಠ, ಕೂಗು, ಕುಣಿತಗಳ ಸುತ್ತಲೇ ತಿರುಗುತ್ತದೆ. ಆದರೆ ಆ ಕಂಠದ ಕಾವು ಎಲ್ಲ ಆಲ್ಬಮ್‌ಗಳಲ್ಲೂ ಇದೆ. ಬದಲಾಗುವುದು ಅವರ ಹಿಂದೆ ನಿಂತ ತಂಡ, ಮತ್ತು ಅವರ ಫಂಕ್‌ನ, ಅಂದರೆ ಲಯವೇ ಪ್ರಧಾನವಾದ ಆ ಕುಣಿತದ ಸಂಗೀತದ, ನಡೆಯನ್ನು ತೀರ್ಮಾನಿಸುವುದೂ ಆ ತಂಡವೇ. ಆದ್ದರಿಂದ ಇದು ಯಾವ ವರ್ಷದ ಧ್ವನಿಮುದ್ರಣ ಎಂದು ವಿಚಾರಿಸುವುದಕ್ಕಿಂತ, ಅಂದು ಡ್ರಮ್ ಬಾರಿಸಿದವರು ಯಾರು, ಬೇಸ್ ಗಿಟಾರ್ ಯಾರ ಕೈಯಲ್ಲಿತ್ತು ಎಂದು ವಿಚಾರಿಸಿ ಕೊಳ್ಳುವುದು ಲೇಸು.

ಉತ್ತರ ಕನ್ನಡದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅದೇ ಪ್ರಸಂಗ, ಅದೇ ಪದ್ಯ, ಅದೇ ಭಾಗವತರು ಇದ್ದರೂ ಮದ್ದಳೆಗೆ ಕುಳಿತವರು ಬದಲಾದರೆ ಪದದ ನಡೆಯೇ ಬದಲಾಗುತ್ತದೆ. ಒಬ್ಬರು ಪದದ ಬೆನ್ನಿಗೆ ನಿಂತು ನುಡಿಸಿದರೆ ಇನ್ನೊಬ್ಬರು ಪದವನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತಾರೆ. ಇಡಗುಂಜಿ ಮೇಳದ ಆಟಗಳಲ್ಲಿ ನೆಬ್ಬೂರು ನಾರಾಯಣ ಭಾಗವತರ ಪದ ಕೇಳಿ ಬೆಳೆದ ಕಿವಿಗೆ ಬ್ರೌನ್ ಅವರ ತಂಡಗಳ ನಡುವಿನ ವ್ಯತ್ಯಾಸ ಮೊದಲ ಸಲಕ್ಕೇ ಗೊತ್ತಾಗುತ್ತದೆ ಎಂದು ನಾನು ನಂಬಿದ್ದೇನೆ.

ಎಲ್ಲರೂ ಮೊದಲು ಹೆಸರಿಸುವ ಆಲ್ಬಮ್ 'ಲೈವ್ ಅಟ್ ದಿ ಅಪೊಲೊ'. ಅವರ ಧ್ವನಿಮುದ್ರಣ ಕಂಪನಿ ಕಿಂಗ್ ರೆಕಾರ್ಡ್ಸ್‌ನ ಮಾಲೀಕ ಸಿಡ್ ನೇಥನ್ ಹಣ ಹೂಡಲು ಒಪ್ಪದಿದ್ದಾಗ ಬ್ರೌನ್ ತಮ್ಮ ಸ್ವಂತ ಹಣದಿಂದ 1962ರ ಅಕ್ಟೋಬರ್ 24ರಂದು ನ್ಯೂಯಾರ್ಕ್‌ನ ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ ಅದನ್ನು ಧ್ವನಿಮುದ್ರಿಸಿದರು. ಸಭಿಕರ ಉಸಿರಾಟವೂ ಕೇಳಿಸುವಂಥ ಅಪೂರ್ವ ಆಲ್ಬಮ್ ಅದು. ಆದರೂ ಅದು ಭಾವಪ್ರಧಾನ ಗಾಯನದ ಸೋಲ್ ಸಂಗೀತ, ಫಂಕ್ ಅಲ್ಲ. ಫಂಕ್ ಅರಸಿ ಬಂದವರು ಅಲ್ಲಿಂದ ಆರಂಭಿಸಬೇಕಾಗಿಲ್ಲ.

ಆರಂಭಿಸಬೇಕಾದದ್ದು 1967ರಿಂದ. ಆ ವರ್ಷದ ಮೇ ತಿಂಗಳಲ್ಲಿ ಸಿನ್ಸಿನಾಟಿಯ ಕಿಂಗ್ ಸ್ಟುಡಿಯೋದಲ್ಲಿ 'ಕೋಲ್ಡ್ ಸ್ವೆಟ್' ಧ್ವನಿಮುದ್ರಣವಾಯಿತು. ತಂಡದ ಮುಖ್ಯಸ್ಥ, ಸ್ಯಾಕ್ಸೋಫೋನ್ ವಾದಕ ಪೀ ವೀ ಎಲ್ಲಿಸ್ ಬ್ರೌನ್ ಜೊತೆ ಸೇರಿ ರಚಿಸಿದ ಈ ಹಾಡಿನಲ್ಲಿ ಸ್ವರಮೇಳದ ಏರಿಳಿತಗಳನ್ನು ಬಹುಪಾಲು ಕೈಬಿಟ್ಟು, ಗಿಟಾರ್, ಬೇಸ್, ಕೊಂಬುಗಳು (ಸ್ಯಾಕ್ಸೋಫೋನ್, ಟ್ರಾಂಬೋನ್‌ನಂಥ ಊದುವ ವಾದ್ಯಗಳು) ಎಲ್ಲವನ್ನೂ ತಾಳವಾದ್ಯಗಳಂತೆ ಬಳಸಲಾಯಿತು. ಆವರ್ತದ ಮೊದಲ ಪೆಟ್ಟಿಗೆ ಎಲ್ಲರೂ ಒಟ್ಟಾಗಿ ಇಳಿದು, ಮುಂದಿನ ಪೆಟ್ಟುಗಳಲ್ಲಿ ತಮ್ಮ ತಮ್ಮ ದಾರಿ ಹಿಡಿದು, ಮತ್ತೆ ಮೊದಲಿಗೆ ಬಂದು ಸೇರುವ ಕ್ರಮ ಇಲ್ಲಿ ಸ್ಪಷ್ಟ ರೂಪ ಪಡೆಯಿತು. ಮರು ತಿಂಗಳೇ ಇದೇ ತಂಡ ಅಪೊಲೊದಲ್ಲಿ ನುಡಿಸಿದ್ದನ್ನು 1968ರಲ್ಲಿ ಹೊರಬಂದ 'ಲೈವ್ ಅಟ್ ದಿ ಅಪೊಲೊ, ಸಂಪುಟ 2'ರಲ್ಲಿ ಕೇಳಬಹುದು. ಜಿಮ್ಮಿ ನೋಲೆನ್ ಎಡಗೈ ಬೆರಳುಗಳಿಂದ ತಂತಿಗಳನ್ನು ಅರೆಬರೆ ಒತ್ತಿಹಿಡಿದು ಬಲಗೈಯಲ್ಲಿ ಬಿಡುವಿಲ್ಲದೆ ಕೆರೆಯುವ ಆ ಒಣ, ಚುರುಕಾದ ಗಿಟಾರ್ ನಾದಕ್ಕಾಗಿಯೇ ಈ ಆಲ್ಬಮ್ಮನ್ನು ಕೊಳ್ಳಬಹುದು. ಆದರೆ ಇದರಲ್ಲಿ ನಿಧಾನಗತಿಯ ಪ್ರೇಮಗೀತೆಗಳಿಗೂ ಸಾಕಷ್ಟು ಜಾಗ ಹೋಗಿದೆ, ಹೊಸ ಫಂಕ್ ಇನ್ನೂ ಹಳೆಯ ಪ್ರದರ್ಶನದ ಚೌಕಟ್ಟಿನೊಳಗೇ ಕುಳಿತಿದೆ.

ಆ ಚೌಕಟ್ಟು ಸಡಿಲಗೊಂಡದ್ದು ಕೇಳಿಸುವುದು 1968ರ ಆಗಸ್ಟ್ 26ರಂದು ಡಲ್ಲಾಸ್‌ನಲ್ಲಿ ಧ್ವನಿಮುದ್ರಣಗೊಂಡು, ಮೂವತ್ತು ವರ್ಷ ಪೆಟ್ಟಿಗೆಯಲ್ಲಿದ್ದು, 1998ರಲ್ಲಿ ಪ್ರಕಟವಾದ 'ಸೇ ಇಟ್ ಲೈವ್ ಆ್ಯಂಡ್ ಲೌಡ್' ಆಲ್ಬಮ್ಮಿನಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ಆಗಿನ್ನೂ ಐದು ತಿಂಗಳೂ ತುಂಬಿರಲಿಲ್ಲ; ಕಪ್ಪು ಜನರ ಆತ್ಮಗೌರವವನ್ನು ಸಾರುವ 'ಸೇ ಇಟ್ ಲೌಡ್' ಹಾಡು ಅದೇ ತಿಂಗಳು ಧ್ವನಿಮುದ್ರಣಗೊಂಡಿತ್ತು. ಬ್ರೌನ್ ಒಂದು ಸಾಲು ಎತ್ತಿದರೆ ಸಭೆ ಉಳಿದದ್ದನ್ನು ಪೂರೈಸುತ್ತದೆ. ಆ ಕ್ಷಣದ ಬಿಸಿ ಒಂದು ಕಡೆ ಇರಲಿ. ನನ್ನನ್ನು ಹಿಡಿದು ನಿಲ್ಲಿಸುವುದು ಅದರಡಿಯ ನುಡಿಸಾಣಿಕೆ. ಈ ಕಾಲದ ತಂಡದ ಪ್ರಾಣವಾಗಿದ್ದವರು ಕ್ಲೈಡ್ ಸ್ಟಬಲ್‌ಫೀಲ್ಡ್ ಮತ್ತು ಜಾಬೋ ಸ್ಟಾರ್ಕ್ಸ್ ಎಂಬ ಇಬ್ಬರು ಡ್ರಮ್ ವಾದಕರು. ಸ್ಟಬಲ್‌ಫೀಲ್ಡ್ ದೊಡ್ಡ ಪೆಟ್ಟುಗಳ ನಡುವೆ ಸ್ನೇರ್ ಎಂಬ ಚುರುಕು ನಾದದ ಡ್ರಮ್ ಮೇಲೆ ಕೇಳಿಯೂ ಕೇಳಿಸದಂತಹ ಸಣ್ಣ ಪೆಟ್ಟುಗಳನ್ನು ತುಂಬುತ್ತಾರೆ, ಸ್ಟಾರ್ಕ್ಸ್ ಅವನ್ನೆಲ್ಲ ಬಿಟ್ಟು ಲಯವನ್ನು ನೇರವಾಗಿ, ಶುಚಿಯಾಗಿ ಇಡುತ್ತಾರೆ. ಈ ತಂಡದಲ್ಲಿ ಡ್ರಮ್ ಮಾತಾಡುತ್ತದೆ, ಕೊಂಬುಗಳು ಉತ್ತರಿಸುತ್ತವೆ, ಬೇಸ್ ಇಬ್ಬರಿಗೂ ಎಡೆ ಬಿಟ್ಟು ಹಿಂದೆ ನಿಲ್ಲುತ್ತದೆ. ತಪ್ಪು ನುಡಿಸಿದವರಿಗೆ ಬ್ರೌನ್ ವೇದಿಕೆಯ ಮೇಲೆಯೇ ಬೆರಳು ಸನ್ನೆಯಿಂದ ದಂಡ ವಿಧಿಸುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ. ಅಂಥ ಕಟ್ಟುನಿಟ್ಟಿನ ನಡುವೆಯೂ ಇಷ್ಟು ಉಸಿರಾಡುವ ನುಡಿಸಾಣಿಕೆ ಬಂದಿರುವುದು ಆ ವಾದಕರ ದೊಡ್ಡತನ.

1970ರ ಮಾರ್ಚ್‌ನಲ್ಲಿ ದುಡಿಮೆಯ ಶರತ್ತುಗಳ ಬಗ್ಗೆ ಅಸಮಾಧಾನಗೊಂಡ ಸ್ಯಾಕ್ಸೋಫೋನ್ ವಾದಕ ಮೇಸಿಯೋ ಪಾರ್ಕರ್ ಮೊದಲಾದವರು ತಂಡ ಬಿಟ್ಟರು. ಬ್ರೌನ್ ಕೂಡಲೇ ಸಿನ್ಸಿನಾಟಿಯಿಂದ ವಿಮಾನದಲ್ಲಿ ಎಳೆಯರ ಒಂದು ತಂಡವನ್ನು ಕರೆಸಿಕೊಂಡರು. ಅದರಲ್ಲಿ ಹದಿನೆಂಟರ ಬೂಟ್ಸಿ ಕಾಲಿನ್ಸ್ ಬೇಸ್ ನುಡಿಸುತ್ತಿದ್ದರೆ ಅವರ ಅಣ್ಣ ಕ್ಯಾಟ್‌ಫಿಶ್ ಗಿಟಾರ್ ನುಡಿಸುತ್ತಿದ್ದರು. ಜೆ.ಬಿ.ಸ್ ಎಂದು ಹೆಸರಾದ ಈ ತಂಡ 1971ರ ಮಾರ್ಚ್ 8ರಂದು ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣದಲ್ಲಿ ನುಡಿಸಿದ್ದೇ 'ಲವ್ ಪವರ್ ಪೀಸ್'. ಮೂರು ಎಲ್‌ಪಿಗಳ ಆಲ್ಬಮ್ ಎಂದು ಯೋಜಿಸಿದ್ದರೂ, ಕಾಲಿನ್ಸ್ ಸಹೋದರರು ತಂಡ ಬಿಟ್ಟು, ಬ್ರೌನ್ ಪಾಲಿಡೋರ್ ಕಂಪನಿಗೆ ಹೋದದ್ದರಿಂದ ಅದು ನಿಂತುಹೋಗಿ, 1992ರಲ್ಲಿ ಸಿ.ಡಿ.ಯಾಗಿ ಬೆಳಕು ಕಂಡಿತು.

ಇಲ್ಲಿ ಎಲ್ಲವೂ ತಲೆಕೆಳಗಾಗಿದೆ. ಹಳೆಯ ತಂಡದಲ್ಲಿ ಹಿಂದೆ ನಿಂತಿದ್ದ ಬೇಸ್ ಇಲ್ಲಿ ಮುಂದೆ ಬಂದು ಹಾಡನ್ನೇ ಹೊತ್ತುಕೊಳ್ಳುತ್ತದೆ. ಬೂಟ್ಸಿ ಮೊದಲ ಪೆಟ್ಟನ್ನು ಗಟ್ಟಿಯಾಗಿ ಇಟ್ಟು, ಉಳಿದ ಎಡೆಯಲ್ಲಿ ಹುರುಪಿನಿಂದ ಓಡಾಡುತ್ತಾರೆ. ಫ್ರೆಡ್ ವೆಸ್ಲಿಯ ಟ್ರಾಂಬೋನ್ ಇದ್ದರೂ ಕೊಂಬುಗಳ ಮಾತು ಕಡಿಮೆ. ಹಳೆಯ ತಂಡದ ನಡೆ ತಿಳಿಯಲು ಅಪೊಲೊ ಎರಡನೆಯ ಸಂಪುಟ, ಡಲ್ಲಾಸ್ ಎರಡರಲ್ಲೂ ಇರುವ 'ದೇರ್ ವಾಸ್ ಎ ಟೈಮ್' ಹಾಡೇ ಅತ್ಯುತ್ತಮ. ಎಲ್ಲಿಸ್ ಅವರ ತಂಡದಲ್ಲಿ ಅದು ಒಂದೇ ಗತಿಯನ್ನು ಹಿಡಿದು, ಸಣ್ಣ ಸಣ್ಣ ಬದಲಾವಣೆಗಳಿಂದ ಕೇಳುಗರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪ್ಯಾರಿಸ್‌ನಲ್ಲಿ ಹಾಡುಗಳು ಹೊರಕ್ಕೆ ಚಿಮ್ಮುತ್ತವೆ. ಬಹುಪಾಲು ಕೇಳುಗರು ಪ್ಯಾರಿಸ್ಸೇ ಶ್ರೇಷ್ಠ ಎನ್ನುತ್ತಾರೆ, ಆ ಕಾವಿಗೆ ನಾನೂ ಮನಸೋತಿದ್ದೇನೆ. ಆದರೆ ಗತಿ ತೀರ ಏರಿದಾಗ ಪೆಟ್ಟುಗಳ ನಡುವಿನ ಎಡೆ ಕುಗ್ಗುತ್ತದೆ, ಮತ್ತು ಫಂಕ್ ಬದುಕುವುದು ಆ ಎಡೆಯಲ್ಲಿ. ಈ ಒಂದು ಕಾರಣಕ್ಕೆ ನಾನು ಡಲ್ಲಾಸನ್ನು ಪ್ಯಾರಿಸ್‌ಗಿಂತ ಮೇಲೆ ಇಡುತ್ತೇನೆ.

ಪ್ಯಾರಿಸ್ ಆಗಿ ನಾಲ್ಕೇ ತಿಂಗಳಿಗೆ, 1971ರ ಜುಲೈನಲ್ಲಿ, ಅಪೊಲೊದಲ್ಲಿ ಮತ್ತೊಂದು ತಂಡ. 'ರೆವಲ್ಯೂಷನ್ ಆಫ್ ದಿ ಮೈಂಡ್' ಎಂಬ ಈ ಆಲ್ಬಮ್ಮಿನಲ್ಲಿ ವೆಸ್ಲಿ ತಂಡದ ಮುಖ್ಯಸ್ಥ, ಬೇಸ್ ಫ್ರೆಡ್ ಥಾಮಸ್ ಅವರದು. 'ಸೋಲ್ ಪವರ್', 'ಗಿವ್ ಇಟ್ ಅಪ್ ಆರ್ ಟರ್ನಿಟ್ ಎ ಲೂಸ್' ಹಾಡುಗಳು ಪ್ಯಾರಿಸ್‌ನಲ್ಲೂ ಇಲ್ಲೂ ಇವೆ. ಥಾಮಸ್ ಬೂಟ್ಸಿಯಂತೆ ಓಡಾಡದೆ ಒಂದೇ ಪಲುಕನ್ನು ಹಿಡಿದು ಕೂರುತ್ತಾರೆ. ಸ್ಟಾರ್ಕ್ಸ್ ಅವರ ನೇರ ಲಯಕ್ಕೆ ಅದು ಒಪ್ಪುತ್ತದೆ. ಚೊಕ್ಕವಾದ ನುಡಿಸಾಣಿಕೆ, ಆದರೆ ಅಚ್ಚರಿಗಳು ಕಡಿಮೆ. ಮೂರನೆಯದಾಗಿ ಕೊಳ್ಳಬಹುದು.

ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು. 1970ರ 'ಸೆಕ್ಸ್ ಮಷೀನ್' ಎಂಬ ಜೋಡಿ ಎಲ್‌ಪಿಯನ್ನು ಲೈವ್ ಎಂದು ಮಾರಲಾಯಿತಾದರೂ ಅದರ ಒಂದು ಭಾಗ ಸ್ಟುಡಿಯೋದಲ್ಲಿ ನುಡಿಸಿ, ಮೇಲೆ ಸಭಿಕರ ಗದ್ದಲ ಸೇರಿಸಿದ್ದು. ಸಂಗೀತ ಚೆನ್ನಾಗಿದೆ, ಆದರೆ ಲೈವ್ ತಂಡಗಳನ್ನು ಹೋಲಿಸುವವರಿಗೆ ಅದು ದಾರಿ ತಪ್ಪಿಸುತ್ತದೆ. ಉಳಿದ ಭಾಗ 1969ರ ಅಕ್ಟೋಬರಿನಲ್ಲಿ ಬ್ರೌನ್ ಬೆಳೆದ ಊರಾದ ಅಗಸ್ಟಾದಲ್ಲಿ ನಡೆದ ನಿಜವಾದ ಪ್ರದರ್ಶನದ್ದು.

ಕೇಳುವ ಉಪಕರಣದ ಬಗ್ಗೆಯೂ ಹೇಳಬೇಕು. ಮೊಬೈಲ್‌ನ ಪುಟ್ಟ ಸ್ಪೀಕರಿನಲ್ಲಿ ಬೇಸ್‌ನ ಕೆಳಗಿನ ನಾದ ಇಲ್ಲವೇ ಇಲ್ಲವೆಂಬಷ್ಟು ಕ್ಷೀಣವಾಗುವುದರಿಂದ ಪ್ಯಾರಿಸ್ ಆಲ್ಬಮ್‌ನ ಅರ್ಧ ಜೀವವೇ ಹೋಗುತ್ತದೆ. ಡಲ್ಲಾಸ್‌ಗೆ ಆ ನಷ್ಟ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಅಲ್ಲಿನ ಕೆಲಸ ಬಹುಪಾಲು ಸ್ನೇರ್, ಗಿಟಾರ್, ಕೊಂಬುಗಳ ಎತ್ತರದ ನಾದಗಳಲ್ಲಿದೆ. ಮಳೆಗಾಲದಲ್ಲಿ, ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿರುವಾಗ, ಸ್ಟಬಲ್‌ಫೀಲ್ಡ್‌ರ ಆ ಸಣ್ಣ ಪೆಟ್ಟುಗಳು ಕೇಳಬೇಕಾದರೆ ಒಳ್ಳೆಯ ಹೆಡ್‌ಫೋನ್ ಬೇಕೇಬೇಕು. ಅಗಸ್ಟಾದ ಆ ರಾತ್ರಿಯ ಧ್ವನಿಮುದ್ರಣ 2019ರಲ್ಲಿ 'ಲೈವ್ ಅಟ್ ಹೋಮ್ ವಿತ್ ಹಿಸ್ ಬ್ಯಾಡ್ ಸೆಲ್ಫ್' ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಪ್ರಕಟವಾಗಿದೆ. ಹಳೆಯ ತಂಡ ಒಡೆಯುವ ಕೆಲವೇ ತಿಂಗಳ ಮುಂಚಿನ ಆ ನುಡಿಸಾಣಿಕೆಯನ್ನು ಡಲ್ಲಾಸ್ ಮುಗಿಸಿ ಪ್ಯಾರಿಸ್‌ಗೆ ಹೋಗುವ ಮೊದಲು ಕೇಳಿದರೆ ಬೂಟ್ಸಿ ಬಂದು ಏನನ್ನು ಬದಲಿಸಿದರು, ಏನನ್ನು ಹಾಗೆಯೇ ಉಳಿಸಿಕೊಂಡರು ಎಂಬುದು ಇನ್ನೂ ಸ್ಪಷ್ಟವಾಗುತ್ತದೆ.