ಮಾತಾಡಿಸುವವರೇ ಮಾತ್ರೆಯನ್ನೂ ಬರೆದರೆ: ನ್ಯೂ ಮೆಕ್ಸಿಕೋ, ಇಲಿನಾಯ್‌ನ ಸೇವೆ ಹೇಗಿದೆ?

ನಮ್ಮಲ್ಲಿ ಮಾತುಕತೆಯಿಂದ ಚಿಕಿತ್ಸೆ ಕೊಡುವ ಸೈಕಾಲಜಿಸ್ಟ್ ಮಾತ್ರೆ ಬರೆಯುವಂತಿಲ್ಲ, ಅದು ಮನೋವೈದ್ಯರ ಕೆಲಸ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೆಚ್ಚುವರಿ ತರಬೇತಿ ಪಡೆದ ಸೈಕಾಲಜಿಸ್ಟ್‌ಗೆ ಆ ಅಧಿಕಾರ ಇದೆ. ನ್ಯೂ ಮೆಕ್ಸಿಕೋ 2002ರಲ್ಲೇ ಕಾನೂನು ಮಾಡಿತು, ಇಲಿನಾಯ್ 2014ರಲ್ಲಿ.

ಈ ಸೇವೆಯ ಜೀವಾಳ ಸಮಯ. ಮುಕ್ಕಾಲು ಗಂಟೆ ಕೂತು ಕೇಳಿದವರೇ ಖಿನ್ನತೆ, ಆತಂಕದ ಮಾತ್ರೆ ಸರ್ಟ್ರಲಿನ್ 25 ಮಿ.ಗ್ರಾಂ.ನಿಂದ ಶುರುಮಾಡಿ, ವಾರ ಬಿಟ್ಟು 50ಕ್ಕೆ ಏರಿಸುತ್ತಾರೆ. ಹೊಟ್ಟೆ ತೊಳಸುತ್ತಿದೆಯೇ, ನಿದ್ದೆ ಹೇಗಿದೆ ಎಂಬುದು ಮುಂದಿನ ಮಾತುಕತೆಯಲ್ಲೇ ಗೊತ್ತಾಗುತ್ತದೆ. ಬೇಡವಾದ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸುವುದೂ ಅವರ ಕೈಯಲ್ಲೇ. ಇದಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ.

ತರಬೇತಿ ಸಾಲದು ಎಂಬ ಆಕ್ಷೇಪ ವೈದ್ಯರದ್ದು. ನ್ಯೂ ಮೆಕ್ಸಿಕೋದಲ್ಲಿ ಪಿಎಚ್‌ಡಿ ಮೇಲೆ 450 ಗಂಟೆ ಪಾಠ, ಕನಿಷ್ಠ 100 ರೋಗಿಗಳೊಂದಿಗೆ 400 ಗಂಟೆ ಅಭ್ಯಾಸ, ಪರೀಕ್ಷೆ, ಆಮೇಲೆ ಎರಡು ವರ್ಷ ವೈದ್ಯರ ಮೇಲ್ವಿಚಾರಣೆ. ಇಲಿನಾಯ್ ಇನ್ನೂ ಬಿಗಿ: ಆಸ್ಪತ್ರೆಯ ಬೇರೆ ಬೇರೆ ವಿಭಾಗಗಳಲ್ಲಿ ಸುಮಾರು 14 ತಿಂಗಳು ದುಡಿಯಬೇಕು, ಸಹಯೋಗಿ ವೈದ್ಯರ ಜೊತೆ ಲಿಖಿತ ಒಪ್ಪಂದವೂ ಬೇಕು. 2014ರ ಕಾನೂನಿನ ಪ್ರಕಾರ 17ಕ್ಕಿಂತ ಚಿಕ್ಕವರು, 65 ದಾಟಿದವರು, ಗರ್ಭಿಣಿಯರು, ಹೃದ್ರೋಗ ಅಥವಾ ಫಿಟ್ಸ್ ಇರುವವರಿಗೆ ಬರೆಯುವಂತಿಲ್ಲ. ಇಲಿನಾಯ್‌ನ ಷಿಕಾಗೋಗೆ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರಲ್ಲಿ ಬಹಳ ಜನ ಇಲ್ಲೇ ಹೊರಗುಳಿಯುತ್ತಾರೆ.

ಎಡವಟ್ಟಾಗುವುದು ಮನಸ್ಸಿನ ವಿಷಯದಲ್ಲಲ್ಲ, ಮೈಯ ವಿಷಯದಲ್ಲಿ. ಮನಸ್ಥಿತಿ ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ನೋಡಿ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಮೋಲ್ ಒಳಗಿರಬೇಕು, 1.5 ದಾಟಿದರೆ ವಿಷದ ಕಡೆಗೆ ವಾಲುತ್ತದೆ. ಕೊನೆಯ ಡೋಸ್ ಆಗಿ 12 ಗಂಟೆ ಕಳೆದಾಗ ರಕ್ತ ಕೊಡದಿದ್ದರೆ ಅಂಕಿಯೇ ದಾರಿ ತಪ್ಪಿಸುತ್ತದೆ. ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಆಗಾಗ ಬೇಕು. ಇದರ ನಡುವೆ ಸೊಂಟನೋವಿಗೆಂದು ನಾಲ್ಕು ದಿನ ಐಬುಪ್ರೊಫೆನ್ ನುಂಗಿದರೆ ಕಿಡ್ನಿ ಲಿಥಿಯಂ ಹೊರಹಾಕುವುದು ಕಡಿಮೆಯಾಗಿ ಮಟ್ಟ ಏರುತ್ತದೆ. ಕೈ ನಡುಕ, ಭೇದಿ, ತಡವರಿಸುವ ನಡಿಗೆ. ಬಿ.ಪಿ.ಯ ಥಯಜೈಡ್ ಮಾತ್ರೆಯೂ ಅಷ್ಟೇ. ಅದನ್ನು ಬರೆದುಕೊಟ್ಟ ಡಾಕ್ಟರು ಇನ್ನೊಂದು ಕಟ್ಟಡದಲ್ಲಿರುತ್ತಾರೆ!

ಹಾಗಾಗಿ ಮೊದಲ ಭೇಟಿಯಲ್ಲೇ ಕೇಳಿ: ರಕ್ತಪರೀಕ್ಷೆ ಬರೆಯುವವರು ಯಾರು, ವರದಿ ಎಷ್ಟು ದಿನದಲ್ಲಿ ನೋಡುತ್ತಾರೆ, ಭಾನುವಾರ ಫೋನ್ ಯಾರು ಎತ್ತುತ್ತಾರೆ? ತಡವರಿಸಿದರೆ ಬೇರೆಯವರನ್ನು ನೋಡಿ. ಬರೀ ಖಿನ್ನತೆ, ಆತಂಕ ಇದ್ದು ಮೈ ಗಟ್ಟಿಯಾಗಿರುವವರಿಗೆ ಈ ಸೇವೆ ಚೆನ್ನಾಗಿ ಹೊಂದುತ್ತದೆ. ಬೈಪೋಲಾರ್ ಜೊತೆಗೆ ಶುಗರ್, ಬಿ.ಪಿ. ಇದ್ದರೆ ನೇರ ಮನೋವೈದ್ಯರೇ ಸರಿ. ಊರಿನ ಚೀಟಿ ಅಲ್ಲಿನ ಫಾರ್ಮಸಿಯಲ್ಲಿ ನಡೆಯುವುದಿಲ್ಲ. ಬ್ರ್ಯಾಂಡ್ ಹೆಸರಲ್ಲ, ಒಳಗಿನ ಔಷಧದ ಹೆಸರು ಮತ್ತು ಮಿ.ಗ್ರಾಂ. ಬರೆದಿಟ್ಟುಕೊಂಡು ಹೋಗಿ.