ಮೃದಂಗಕ್ಕೆ ಪ್ಯೂರ್ ಡೇಟಾ: ಕೈಯ ವೇಗಕ್ಕೆ ಸರಿಸಾಟಿಯೇ?

ಮೃದಂಗದ ನಾದವನ್ನು ಕಂಪ್ಯೂಟರಿನೊಳಗೆ ಹಾಯಿಸಿ ಆಗಿಂದಾಗಲೇ ಹೊರಗೆ ತರಬೇಕೆಂದರೆ ಎದುರಾಗುವ ಮೊದಲ ಶತ್ರು ತಡ. ನಿಮಿಷಕ್ಕೆ 80 ಅಕ್ಷರದ (ತಾಳದ ಎಣಿಕೆಯ) ಕಾಲಪ್ರಮಾಣ, ಅಕ್ಷರಕ್ಕೆ ಎಂಟು ಸೊಲ್ಲು (ಪೆಟ್ಟು) ಎಂದಿಟ್ಟುಕೊಳ್ಳಿ. ಸೊಲ್ಲಿನಿಂದ ಸೊಲ್ಲಿಗೆ ಸಿಗುವುದು ಸುಮಾರು 94 ಮಿಲಿಸೆಕೆಂಡು. ಮೈಕಿಗೆ ಹೋದ ‘ತ’ ಸ್ಪೀಕರಿಗೆ ಬರಲು 100 ಮಿಲಿಸೆಕೆಂಡು ಹಿಡಿದರೆ ಅಷ್ಟರಲ್ಲಿ ಕೈ ‘ಕ’ ನುಡಿಸಿ ಮುಗಿಸಿರುತ್ತದೆ. ಆಮೇಲೆ ಲಯದ ಮಾತೆಲ್ಲಿ?

ಬಲಗಡೆಯ ನಾದಕ್ಕೆ ಅನುರಣನ ಸೇರಿಸಲು, ಎಡಗಡೆಯ ಎಳೆದ ಮಂದ್ರನಾದವಾದ ಗುಮ್ಕಿಗೆ ಕೆಳಗಿನ ಸ್ವರವೊಂದನ್ನು ಜೋಡಿಸಲು ನಾನು ಪ್ಯೂರ್ ಡೇಟಾ (ಪಿಡಿ) ಎಂಬ ಧ್ವನಿ ಸಂಸ್ಕರಣೆಯ ತಂತ್ರಾಂಶ ಬಳಸುತ್ತೇನೆ. ಪ್ಯಾರಿಸ್ಸಿನ ಸಂಗೀತ ಸಂಶೋಧನಾ ಕೇಂದ್ರ ಇರ್ಕಾಮ್‌ನಲ್ಲಿ ಇಂಥದ್ದೇ ತಂತ್ರಾಂಶ ಮ್ಯಾಕ್ಸ್ ರೂಪಿಸಿದ ಮಿಲ್ಲರ್ ಪಕೆಟ್ ಅವರೇ 1990ರ ದಶಕದಲ್ಲಿ ಇದನ್ನೂ ಬರೆದರು, ದುಡ್ಡು ಕೊಡಬೇಕಿಲ್ಲ. ಪರದೆಯ ಮೇಲೆ ಒಂದೊಂದು ಕೆಲಸ ಮಾಡುವ ಡಬ್ಬಿಗಳನ್ನಿಟ್ಟು ತಂತಿ ಎಳೆದರೆ ಆಯಿತು, ಆ ಜೋಡಣೆಗೆ ಪ್ಯಾಚ್ ಎನ್ನುತ್ತಾರೆ. ಎಡಿಸಿ~ ಡಬ್ಬಿಯಿಂದ ಧ್ವನಿ ಒಳಗೆ, ಡಿಎಸಿ~ಯಿಂದ ಹೊರಗೆ.

ಪಿಡಿ ಧ್ವನಿಯನ್ನು 64 ಸ್ಯಾಂಪಲ್‌ಗಳ (ಧ್ವನಿಯ ಅಳತೆಯ ಅಂಕಿಗಳ) ಕಂತಿನಲ್ಲಿ ಸಂಸ್ಕರಿಸುತ್ತದೆ. ಸೆಕೆಂಡಿಗೆ 48000 ಸ್ಯಾಂಪಲ್ ದರದಲ್ಲಿ ಒಂದು ಕಂತು 1.33 ಮಿಲಿಸೆಕೆಂಡು ಮಾತ್ರ. ಹಾಗಾಗಿ ತಡದ ಬಹುಪಾಲು ಹುಟ್ಟುವುದು ಸೌಂಡ್ ಕಾರ್ಡಿಗೂ ಪಿಡಿಗೂ ನಡುವೆ ಧ್ವನಿ ತಂಗುವ ಬಫರಿನಲ್ಲಿ. ವಿಂಡೋಸ್‌ನ ಹಳೆಯ ಸಾಮಾನ್ಯ ಡ್ರೈವರಿನಲ್ಲಿ (ಸೌಂಡ್ ಕಾರ್ಡ್ ನಡೆಸುವ ತಂತ್ರಾಂಶದಲ್ಲಿ) ಪಿಡಿಯ ಡಿಲೇ ಅಂಕಿ, ಅಂದರೆ ಬಫರಿನ ಗಾತ್ರ, ಇಳಿಸಿದರೆ ಧ್ವನಿ ಚಿಟಿಚಿಟಿ ಎನ್ನುತ್ತದೆ. ಅಲ್ಲಿ ಕಡಿಮೆ ತಡದ ಅಸಿಯೊ ಡ್ರೈವರ್ ಇದ್ದರೆ ಒಳ್ಳೆಯದು. ನನ್ನದು ಲಿನಕ್ಸ್, ಧ್ವನಿ ಸಾಗಿಸುವ ಜ್ಯಾಕ್ ತಂತ್ರಾಂಶ, 128 ಫ್ರೇಮಿನ (ಸ್ಯಾಂಪಲ್‌ನ) 2 ಪೀರಿಯಡ್ (ಕಂತು): ಬಫರ್ 5.3 ಮಿಲಿಸೆಕೆಂಡು. ಪಿಡಿಯಲ್ಲಿ ಕಾಲ್‌ಬ್ಯಾಕ್ ಆಯ್ಕೆಗೆ ಟಿಕ್ ಹಾಕಿದ್ದೇನೆ, ಅದು ತನ್ನದೊಂದು ಬಫರನ್ನು ನಡುವೆ ತೂರಿಸದಿರಲಿ ಎಂದು. ಹೊರದಾರಿಯಿಂದ ಒಳದಾರಿಗೆ ಕೇಬಲ್ ಹಾಕಿ ಅಳೆದಾಗ ಹೋಗಿಬರುವ ತಡ 10 ಮಿಲಿಸೆಕೆಂಡಿನ ಆಸುಪಾಸು. ಗಾಳಿಯಲ್ಲಿ ಧ್ವನಿ ಅಷ್ಟು ಹೊತ್ತಿಗೆ ಸಾಗುವುದು ಮೂರೂವರೆ ಮೀಟರಿನಷ್ಟು, ಅಂದರೆ ಕಚೇರಿಯ ವೇದಿಕೆಯ ಆ ತುದಿಯಿಂದ ಬಂದಂತೆ. ಅದಕ್ಕೆ ನಮ್ಮ ಕಿವಿ ಒಗ್ಗಿಯೇ ಇದೆ. ಬಿರುಸಿನ ಮೂರನೇ ಕಾಲದಲ್ಲೂ ನನಗೆ ಕೈ ತಡವರಿಸಿಲ್ಲ, ಇದು ನಿಜಕ್ಕೂ ಸಂತೋಷದ ವಿಷಯ.

ಆದರೆ ಎಲ್ಲ ಡಬ್ಬಿಗಳೂ ಒಂದೇ ವೇಗದವಲ್ಲ. ಪೆಟ್ಟು ಗುರುತಿಸುವ ಬಾಂಕ್~ 256 ಸ್ಯಾಂಪಲ್ ನೋಡಿ ಉತ್ತರಿಸುತ್ತದೆ, ಮೃದಂಗಕ್ಕೆ ಸಾಕು. ಶ್ರುತಿ ಹಿಡಿಯುವ ಸಿಗ್ಮಂಡ್~ 1024 ನೋಡುತ್ತದೆ. 21 ಮಿಲಿಸೆಕೆಂಡು ಅಲ್ಲೇ ಹೋಯಿತು. ಗುಮ್ಕಿಯ ಎಳೆತಕ್ಕೆ ಪರವಾಗಿಲ್ಲ, ಬಿರುಸಿನ ಮುಕ್ತಾಯಕ್ಕೆ ಬೇಡ.

ಇನ್ನೊಂದು ತೊಡಕು ಸ್ವಲ್ಪ ದೊಡ್ಡದು. ಧ್ವನಿ ಫೈಲು ತುಂಬಿಸುವ ಸೌಂಡ್‌ಫೈಲರ್ ಡಬ್ಬಿ ದೊಡ್ಡ ಫೈಲು ಓದಲು ಹೊರಟರೆ ಧ್ವನಿಯ ಲೆಕ್ಕಾಚಾರವೂ ಅದರ ಜೊತೆ ನಿಲ್ಲುತ್ತದೆ, ಬಫರ್ ಚಿಕ್ಕದಿದ್ದಷ್ಟೂ ಅದು ಬೇಗ ಕೇಳಿಸುತ್ತದೆ. ನುಡಿಸುತ್ತಿರುವಾಗ ಧ್ವನಿಯ ತಂತಿ ಬದಲಿಸಿದರೂ ‘ಟಕ್’ ಎನ್ನಬಹುದು. ಫೈಲುಗಳನ್ನೆಲ್ಲ ಶ್ರುತಿ ಕೂಡಿಸುವ ಹೊತ್ತಿಗೇ ತುಂಬಿಸಿಟ್ಟು, ಆಮೇಲೆ ಪ್ಯಾಚ್ ಮುಟ್ಟದಿರುವುದೇ ಲೇಸು. ಕಲಿಯುವವರಿಗೆ ಯಾವುದೇ ಡಬ್ಬಿಯ ಮೇಲೆ ಬಲಕ್ಲಿಕ್ ಮಾಡಿ ಹೆಲ್ಪ್ ಒತ್ತಿದರೆ ಓಡುವ ಮಾದರಿಯೇ ತೆರೆದುಕೊಳ್ಳುತ್ತದೆ. ಬೇಕಾದ ಭಾಗವನ್ನು ನಕಲಿಸಿ ನಿಮ್ಮ ಪ್ಯಾಚಿಗೆ ಅಂಟಿಸಿಕೊಳ್ಳಿ.