ತುಕ್ಕು ಹಿಡಿದ ಸ್ಲ್ಯಾಬಿನ ದುರಸ್ತಿ: ಒಂದು ಸಂಸ್ಥೆಯ ಕೆಲಸದ ವಿಮರ್ಶೆ

ಮಲ್ಪೆಯ ಕಡಲಿಗೆ ಸಮೀಪದ ನಮ್ಮ ಮನೆಯಲ್ಲಿ ಸ್ಲ್ಯಾಬು ಮತ್ತು ಸಜ್ಜಾಗಳ ಸಿಮೆಂಟು ಚಕ್ಕೆಯೆದ್ದು ಉದುರಿ, ಒಳಗಿನ ಕಬ್ಬಿಣದ ಸರಳುಗಳು ಕಾಣತೊಡಗಿದ್ದರಿಂದ, ಕಾಂಕ್ರೀಟ್ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡ ಜಿಲ್ಲೆಯ ಒಂದು ಸಂಸ್ಥೆಗೆ ಕೆಲಸ ವಹಿಸಿದೆವು. ಇಂಥ ದುರಸ್ತಿಯ ಗುಣವನ್ನು ಹಳೆಯ ಕಾಂಕ್ರೀಟನ್ನು ಎಷ್ಟು ಆಳಕ್ಕೆ ಒಡೆದರು ಎಂಬುದರಿಂದಲೇ ಅಳೆಯಬೇಕೆಂದು ನಾನು ನಂಬುತ್ತೇನೆ. ಆ ಅಳತೆಯಲ್ಲಿ ಇವರ ಕೆಲಸ ಉತ್ತಮವಾಗಿದೆ.

ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಗುರುತು ಹಾಕಿದ ಮೇಲೆ, ಒಡೆದ ಹೊಸ ಮುಖಕ್ಕೆ, ಕ್ಷಾರ ತಾಕಿದರೆ ಗುಲಾಬಿಯಾಗುವ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿದರು. ಒಳ್ಳೆಯ ಕಾಂಕ್ರೀಟಿನ ಪಿಎಚ್ (ಆಮ್ಲ-ಕ್ಷಾರಗುಣದ ಅಳತೆ) 12ಕ್ಕಿಂತ ಹೆಚ್ಚಿದ್ದು, ಆ ಕ್ಷಾರಗುಣವೇ ಸರಳಿನ ಮೇಲೆ ತೆಳುವಾದ ರಕ್ಷಾಪದರವನ್ನು ಉಳಿಸುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಇಳಿದು ಕ್ಷಾರಗುಣ ಕುಗ್ಗಿದ ಭಾಗಕ್ಕೆ ದ್ರಾವಣದ ಗುಲಾಬಿ ಬಣ್ಣ ಬರುವುದಿಲ್ಲ. ನಮ್ಮಲ್ಲಿ ಸರಳಿನ ಸುತ್ತಲೂ ಗುಲಾಬಿ ಬಣ್ಣ ಬಂದರೂ ಸರಳು ತುಕ್ಕು ಹಿಡಿದಿತ್ತು. ಕ್ಷಾರಗುಣ ಉಳಿದಿರುವಾಗಲೂ ಆ ಪದರವನ್ನು ಭೇದಿಸಬಲ್ಲ ಉಪ್ಪಿನ ಕ್ಲೋರೈಡೇ ಇಲ್ಲಿ ಕಾರಣವೆಂದು ಅವರು ತಾಳ್ಮೆಯಿಂದ ವಿವರಿಸಿದರು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸಿಡಿಯುತ್ತದೆ. ಕಾಂಕ್ರೀಟ್ ಕಟ್ಟಡಗಳಿಗಿರುವ ಭಾರತೀಯ ಮಾನಕ ಐಎಸ್ 456:2000 ಸಂಹಿತೆ ಕಠಿಣ ವಾತಾವರಣಕ್ಕೆ ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟಿನ ಹೊದಿಕೆ ಕೇಳಿದರೆ, ನಮ್ಮ ಸಜ್ಜಾದಲ್ಲಿ 15 ಮಿ.ಮೀ. ಕೂಡ ಇರಲಿಲ್ಲ.

ಸರಳಿನ ಹಿಂಭಾಗದವರೆಗೂ ಕಾಂಕ್ರೀಟು ಬಿಡಿಸಿ, ತುಕ್ಕನ್ನು ಉಜ್ಜಿ ತೆಗೆದು, ತೀರಾ ಸವೆದ ಕಡೆ ಹೊಸ ಸರಳು ಜೋಡಿಸಿ, ಸತುವಿನ ಪ್ರೈಮರ್ ಬಳಿದ ನಂತರವೇ ಪಾಲಿಮರ್ ಗಾರೆ ತುಂಬಿದರು. ಕೆಲಸಗಾರರ ಶ್ರದ್ಧೆ ನಿಜಕ್ಕೂ ದೊಡ್ಡದು.

ನನ್ನ ಆಕ್ಷೇಪ ಒಂದೇ, ಆದರೆ ಸಣ್ಣದಲ್ಲ. ತೇಪೆ ಹಾಕಿದ ಜಾಗದಲ್ಲಿ ತುಕ್ಕು ನಿಂತರೂ, ಪಕ್ಕದ ಹಳೆಯ ಕಾಂಕ್ರೀಟಿನಲ್ಲಿ ಉಪ್ಪು ಹಾಗೆಯೇ ಇರುವುದರಿಂದ, ಅಲ್ಲಿನ ಸರಳು ಆನೋಡ್ (ತುಕ್ಕಿನ ವಿದ್ಯುತ್-ರಾಸಾಯನಿಕ ಕ್ರಿಯೆಯಲ್ಲಿ ಸವೆಯುವ ಭಾಗ) ಆಗಿ ಮೊದಲಿಗಿಂತ ಬೇಗ ಸವೆಯಬಹುದು. ಇದನ್ನು ತಡೆಯಲು ತೇಪೆಯ ಅಂಚಿನಲ್ಲಿ ಸರಳಿಗೆ ಸತುವಿನ ಆನೋಡ್ ಕಟ್ಟುವ ಪದ್ಧತಿಯಿದೆ. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಈ ವಿಷಯವನ್ನು ಸಂಸ್ಥೆ ಪ್ರಸ್ತಾಪಿಸಿದ್ದು ಅರ್ಧ ಗಾರೆ ತುಂಬಿದ ಮೇಲೆ. ದರಪಟ್ಟಿಯಲ್ಲಿ ಅದರ ಸುಳಿವೇ ಇರಲಿಲ್ಲ. ಆದ್ದರಿಂದ ಸಜ್ಜಾಗಳಿಗೆ ಮಾತ್ರ ಆನೋಡ್ ಕಟ್ಟಲು ಸಾಧ್ಯವಾಯಿತು. ಕರಾವಳಿಯ ಮನೆಯವರು ಇಂಥ ಸೇವೆ ಪಡೆಯುವಾಗ ಕ್ಲೋರೈಡ್ ಪರೀಕ್ಷೆಯನ್ನೂ ಆನೋಡಿನ ಬೆಲೆಯನ್ನೂ ಮೊದಲ ದರಪಟ್ಟಿಯಲ್ಲೇ ಬರೆಸಿಕೊಳ್ಳಬೇಕು.